ಕಾರಿನ ಮೈಮೇಲೆ ಜೇಡರ ಬಲೆ

ಪ್ರತಿ ಜನವರಿಯಲ್ಲಿ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣ ಉತ್ಸವ ನಡೆಯುತ್ತದೆ. ಆಗ ಊರ ತುಂಬ ವಾಹನ, ವಾಹನಗಳ ತುಂಬ ಧೂಳು. ಕಾರಿನ ಮೋಹವಿರುವ ತರುಣರು ಇಳಿದೊಡನೆ ಒಣ ಅರಿವೆಯಿಂದ ಬಾನೆಟ್ ಒರೆಸತೊಡಗುತ್ತಾರೆ. ಬಣ್ಣ ಕೆಡುವುದು ಅಲ್ಲಿಯೇ!

ಧೂಳಿನಲ್ಲಿರುವ ಮರಳಿನ ಕಣಗಳು ಬಹುಪಾಲು ಬೆಣಚುಕಲ್ಲು. ಮೋಹ್ಸ್ ಮಾಪಕದಲ್ಲಿ ಅದರ ಗಡಸುತನ 7. ಉಕ್ಕಿನ ಚಾಕುವಿಗಿಂತ ಹೆಚ್ಚು. ಬಣ್ಣದ ಮೇಲಿನ ಪಾರದರ್ಶಕ ಲೇಪವಾದರೋ ಪ್ಲಾಸ್ಟಿಕ್‌ನಂಥದು. ದಪ್ಪ ಸುಮಾರು 40–50 ಮೈಕ್ರಾನ್, ಸಾಮಾನ್ಯವಾಗಿ ತಲೆಗೂದಲಿಗಿಂತಲೂ ತೆಳು.

ಅಂಥ ಕಾರನ್ನು ಬಿಸಿಲಿನಲ್ಲಿ ನೋಡಿದರೆ ಸೂರ್ಯನ ಬಿಂಬದ ಸುತ್ತ ಉಂಗುರ ಉಂಗುರವಾಗಿ ಜೇಡರ ಬಲೆ ಕಾಣುತ್ತದೆ. ಗೀರುಗಳು ನಿಜವಾಗಿ ದುಂಡಗಿವೆಯೇ? ಇಲ್ಲ, ದಿಕ್ಕಾಪಾಲಾಗಿವೆ. ಬಿಂಬದಿಂದ ಹೊರಟ ಗೆರೆಗೆ ಅಡ್ಡವಾಗಿ ಬಿದ್ದವು ಮಾತ್ರ ನೋಡುವವರ ಕಣ್ಣಿಗೆ ಹೊಳೆಯುತ್ತವೆ. ತಿಕ್ಕಿ ತಿಕ್ಕಿ ಹಳತಾದ ಸ್ಟೀಲ್ ತಾಟಿನಲ್ಲೂ ಇದೇ ಆಟ. ರಾತ್ರಿ ತಾಟಿನ ಮೇಲೆ ಬ್ಯಾಟರಿ ಹಿಡಿದು ಸರಿಸಿ ನೋಡಿ, ಉಂಗುರಗಳೂ ಜತೆಗೇ ಸರಿಯುತ್ತವೆ.

ಪಾಲಿಶ್ ಮಾಡಿಸಿದರೆ ಗೀರು ಮಾಯವಾಗುವುದು ನಿಜ. ಆದರೆ ಪಾಲಿಶ್ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಲೇಪವನ್ನೇ ಸವೆಸಿ ಮಟ್ಟ ಮಾಡುತ್ತದೆ. ಸವೆದದ್ದು ಮತ್ತೆ ಬೆಳೆಯದು. ಮೇಣ ತುಂಬುತ್ತದೆ, ಕೆಲವೇ ತಿಂಗಳಲ್ಲಿ ಹೋಗುತ್ತದೆ. ಸಿರಾಮಿಕ್ ಲೇಪದ ಗಡಸುತನ '9ಎಚ್' ಎಂದು ಅಂಗಡಿಯವರು ಹೇಳುವುದುಂಟು. ಅದು ಪೆನ್ಸಿಲ್‌ನಿಂದ ಗೀಚಿ ನೋಡುವ ಪರೀಕ್ಷೆಯ ಅಂಕೆ. ವಜ್ರಕ್ಕೆ 10 ಕೊಡುವ ಮೋಹ್ಸ್ ಮಾಪಕದ್ದಲ್ಲ! ಮರಳು ಅದನ್ನೂ ಗೀರುತ್ತದೆ.

ಮೊದಲು ಧಾರಾಳ ನೀರು ಸುರಿದು ಧೂಳು ಇಳಿಸಬೇಕು. ಆಮೇಲೆ ಶಾಂಪೂ ನೀರು, ಮೆತ್ತಗಿನ ಬಟ್ಟೆ. ಬೋರ್‌ವೆಲ್ ನೀರಾದರೆ ಬಿಸಿಲಲ್ಲಿ ಒಣಗಗೊಡಬಾರದು. ಸುಣ್ಣದ ಕಲೆ ಕೂರುತ್ತದೆ.