ಪಟ್ಟಣದ ಖಜಾನೆ ಯಾರದು?



ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿರುವ ನಮ್ಮ ಹೋಟೆಲು ಕಾರ್ಮಿಕರ ಮತ್ತು ಹಳೆಯ ಗಿರಣಿ ಕಾರ್ಮಿಕರ ಮನೆಗಳಲ್ಲಿ ಈಗ ಮಕ್ಕಳು ಪಟ್ಟಣ ಕಟ್ಟುವ ಆಟ ಆಡುತ್ತಾರೆ. ಕಂಪ್ಯೂಟರಿನ ಪರದೆಯ ಮೇಲೆ ಕೋಟೆ, ಪೇಟೆ, ಹೊಲ, ಗುಡಿಸಲು ಎಲ್ಲವೂ ಏಳುತ್ತವೆ. ಆಡಬೇಡಿರೆಂದು ಮಕ್ಕಳನ್ನು ಗದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆಟದೊಳಗೆ ಒಂದು ಲೆಕ್ಕದ ಪುಸ್ತಕವಿದೆ. ಆ ಪುಸ್ತಕ ಯಾರ ಪರವಾಗಿ ಬರೆದದ್ದು ಎಂಬುದನ್ನು ದುಡಿಯುವವರು ಕೇಳಲೇಬೇಕು.

2001ರಲ್ಲಿ ಹೊರಬಂದ ‘ಸ್ಟ್ರಾಂಗ್‌ಹೋಲ್ಡ್’ ಎಂಬ ಆಟವನ್ನೇ ನೋಡಿರಿ. ಮಧ್ಯಯುಗದ ಇಂಗ್ಲೆಂಡಿನ ಕೋಟೆಯೊಂದಕ್ಕೆ ಆಡುವವನು ದೊರೆ. ಅದರಲ್ಲಿ ಗೋದಿಯ ಹೊಲವಿದೆ, ಹಿಟ್ಟಿನ ಗಿರಣಿಯಿದೆ, ರೊಟ್ಟಿ ಸುಡುವ ಭಟ್ಟಿಯಿದೆ, ಹೆಂಡ ಹಂಚುವ ಅಂಗಡಿಯಿದೆ. ಗಿರಣಿಯೂ ಉಂಟು, ಭಟ್ಟಿಯೂ ಉಂಟು, ಗಿರಾಕಿಗೆ ಸುರಿದು ಕೊಡುವವನೂ ಉಂಟು. ಇಲ್ಲದ್ದು ಒಂದೇ: ಪಗಾರ! ಇಡೀ ದಿನ ದುಡಿಯುವ ಆಳಿಗೆ ದೊರೆ ಒಂದು ಕಾಸು ಕೂಲಿ ಕೊಡುವುದಿಲ್ಲ. ಕೊಡದಿದ್ದರೂ ಅವನಿಂದ ಕಂದಾಯ ಮಾತ್ರ ವಸೂಲಾಗುತ್ತದೆ. ಪಗಾರವಿಲ್ಲದವನು ಕಂದಾಯವನ್ನು ಎಲ್ಲಿಂದ ತಂದ? ಆಟ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಎಂಟು ಜನರಿಗೆ ಒಂದು ಗುಡಿಸಲು. ಜನರ ಮನಸ್ಸೆಲ್ಲ ಒಂದು ಅಂಕಿ. ಅದು 50ಕ್ಕಿಂತ ಕೆಳಗಿಳಿದರೆ ಆಳುಗಳು ಊರು ಬಿಡುತ್ತಾರೆ. ಆಗ ದೊರೆ ಕಂದಾಯ ಇಳಿಸಿ, ಊಟದ ಪಾಲು ಹೆಚ್ಚಿಸಿ, ಹೆಂಡ ಕುಡಿಸಿ ಅಂಕಿಯನ್ನು ಮೇಲೆತ್ತುತ್ತಾನೆ. ಇನ್ನೂ ಒಂದು ನಿಯಮವಿದೆ. ಹೂದೋಟ ಮಾಡಿಸಿದರೆ ಜನ ಸಂತೋಷಪಡುತ್ತಾರೆ, ಕೆಲಸ ನಿಧಾನವಾಗುತ್ತದೆ. ಗಲ್ಲುಗಂಬ ನೆಟ್ಟರೆ ಜನ ಹೆದರುತ್ತಾರೆ, ಕೆಲಸ ಚುರುಕಾಗುತ್ತದೆ. ಹೋಟೆಲಿನ ಹಿಂಬದಿಯಲ್ಲಿ, ಗಿರಣಿಯ ಸಾಂಚಾಗಳ ನಡುವೆ ಎಷ್ಟು ಮಾಲಕರ ಬಾಯಲ್ಲಿ ಈ ನ್ಯಾಯವನ್ನು ನಾವು ಕೇಳಿಲ್ಲ! ‘ರಜೆ ಕೊಟ್ಟರೆ ಸೋಮಾರಿಗಳಾಗುತ್ತಾರೆ, ಭಯವಿದ್ದರೆ ದುಡಿಯುತ್ತಾರೆ.’ ಆ ಮಾತನ್ನು ಈಗ ನಮ್ಮ ಮಕ್ಕಳು ಆಟವೆಂದು ಕಲಿಯುತ್ತಿದ್ದಾರೆ.

‘ಇದು ಮಕ್ಕಳಾಟ, ಇದಕ್ಕೇಕೆ ಇಷ್ಟು ಕಳವಳ?’ ಎಂದು ಕೆಲವು ಗೆಳೆಯರು ನಗಬಹುದು. ಅವರು ಖಾಡಿಯ ಆಚೆಗೆ ಒಮ್ಮೆ ಕಣ್ಣು ಹಾಯಿಸಲಿ. 1970ರ ಮಾರ್ಚಿನಲ್ಲಿ ಸಿಡ್ಕೊ ಸ್ಥಾಪನೆಯಾಯಿತು. 95 ಹಳ್ಳಿಗಳ ನೆಲದ ಮೇಲೆ ಹೊಸ ಮುಂಬಯಿಯ ನಕ್ಷೆ ಬಿತ್ತು. ಆ ಪಟ್ಟಣ ಹಣ ಗಳಿಸಿದ ಬಗೆ ಸರಳವಾದುದು. ನೆಲವನ್ನು ಹಳ್ಳಿಯವರಿಂದ ಅಗ್ಗಕ್ಕೆ ಪಡೆಯುವುದು, ರಸ್ತೆ ನೀರು ಒದಗಿಸುವುದು, ಬೆಲೆ ಏರಿದ ಮೇಲೆ ನಿವೇಶನ ಮಾಡಿ ಮಾರುವುದು, ಬಂದ ಹಣದಿಂದ ಮುಂದಿನ ಭಾಗ ಕಟ್ಟುವುದು. ಲೆಕ್ಕದಲ್ಲಿ ಜಾಣತನವಿತ್ತು. ಆದರೆ ಭತ್ತದ ಗದ್ದೆ, ಉಪ್ಪಿನ ಗದ್ದೆ, ಮೀನು ಹಿಡಿಯುವ ಖಾಡಿಗಳನ್ನು ನಂಬಿದ್ದ ಆಗರಿ, ಕೋಳಿ ಜನರು ಆ ಲೆಕ್ಕದ ಯಾವ ಕಾಲಮಿನಲ್ಲಿದ್ದರು? ಅವರು ಅಂಕಿಯಾಗಿ ಕುಳಿತಿರಲಿಲ್ಲ. ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಎದ್ದು ನಿಂತರು. 1984ರ ಜನವರಿಯಲ್ಲಿ ಜಾಸಯಿಯ ಕಡೆ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಆ ಹೋರಾಟದ ಫಲವಾಗಿಯೇ ಮುಂದೆ, ಕಳೆದುಕೊಂಡ ನೆಲದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಿರುಗಿಸುವ ಯೋಜನೆ ಬಂದಿತು. ಆಟದ ಆಳಿಗೆ ಊರು ಬಿಟ್ಟು ಹೋಗುವುದೊಂದೇ ದಾರಿ. ನಿಜವಾದ ಮನುಷ್ಯ ನಿಂತು ಲೆಕ್ಕ ಕೇಳಬಲ್ಲ.

ಇನ್ನೊಂದು ಸಂಗತಿ. ಆಟದಲ್ಲಿ ಕಟ್ಟಡ ಸುಟ್ಟರೆ ಮರಕ್ಕೆ ಖರ್ಚುಂಟು, ಆಳು ಸತ್ತರೆ ಖರ್ಚಿಲ್ಲ. ಅವನ ಜಾಗಕ್ಕೆ ಇನ್ನೊಬ್ಬ ಪುಕ್ಕಟೆಯಾಗಿ ಬಂದು ನಿಲ್ಲುತ್ತಾನೆ. ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ ತಿಂಗಳಲ್ಲಿ ಸ್ಫೋಟವಾಯಿತು, 2024ರ ಮೇ ತಿಂಗಳಲ್ಲಿ ಮತ್ತೆ ಸ್ಫೋಟವಾಯಿತು. ಎರಡು ಸಲವೂ ಕಾರ್ಮಿಕರು ಸತ್ತರು. ಎಂಟು ವರ್ಷಗಳ ಅಂತರದಲ್ಲಿ ಕಾರ್ಮಿಕನ ಜೀವವನ್ನು ಯಾವ ಪುಸ್ತಕದಲ್ಲಿ, ಯಾವ ಬೆಲೆಗೆ ಬರೆದಿಟ್ಟಿದ್ದರು?

‘ನಾವು ಬಾಡಿಗೆ ಖೋಲಿಯವರು, ನಗರಪಾಲಿಕೆಯ ತೆರಿಗೆ ಮನೆಯ ಧನಿಯದು, ನಮಗೇನು?’ ಎಂಬ ಮಾತು ನಮ್ಮಲ್ಲೇ ಇದೆ. ಇದು ದೊಡ್ಡ ಭ್ರಮೆ. ಧನಿ ಕಟ್ಟುವ ಮನೆತೆರಿಗೆ ನಮ್ಮ ಬಾಡಿಗೆಯೊಳಗಿದೆ. ಹಿಂದೆ ಜಕಾತಿ ಸರಕಿನ ಬೆಲೆಯಲ್ಲಿ ಸೇರಿ ಬರುತ್ತಿತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ನಾವು ಕೊಳ್ಳುವ ಸಾಬೂನಿನಲ್ಲಿ, ಎಣ್ಣೆಯಲ್ಲಿ, ಸಕ್ಕರೆಯಲ್ಲಿ ಸೇರಿದೆ. ಖಜಾನೆ ತುಂಬುವವರು ನಾವೇ. ಖರ್ಚಿನ ಮಾತು ಬಂದಾಗ ಮಾತ್ರ ನಾವು ಹೊರಗಿನವರು!

ಖರ್ಚನ್ನು ಯಾರು ನಿರ್ಧರಿಸಿದರು ಎಂಬುದನ್ನೂ ನೆನಪಿಡಬೇಕು. ನವಿಮುಂಬಯಿ ಮತ್ತು ಕಲ್ಯಾಣ-ಡೊಂಬಿವಲಿ ಪಾಲಿಕೆಗಳ ಅವಧಿ 2020ರಲ್ಲಿ ಮುಗಿಯಿತು, ಠಾಣೆಯದು 2022ರಲ್ಲಿ. ಬಳಿಕ ವರ್ಷಗಟ್ಟಲೆ ಈ ಪಟ್ಟಣಗಳು ಚುನಾಯಿತ ನಗರಸೇವಕರಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ನಡೆದವು. ಲಕ್ಷಾಂತರ ಜನರ ಹಣ, ಒಂದೇ ಕೈಯ ಸಹಿ! ಪರದೆಯ ಮುಂದೆ ಕುಳಿತ ಹುಡುಗನ ದೊರೆತನಕ್ಕೂ ಇದಕ್ಕೂ ಎಷ್ಟು ದೂರ? ಅಧಿಕಾರಿ ಒಳ್ಳೆಯವನೋ ಕೆಟ್ಟವನೋ ಎಂಬುದಲ್ಲ ಪ್ರಶ್ನೆ. ಕೇಳುವವರಿಲ್ಲದ ಖಜಾನೆ ಒಳ್ಳೆಯವನ ಕೈಯಲ್ಲಿದ್ದರೂ ಪ್ರಜೆಗಳದ್ದಾಗುವುದಿಲ್ಲ.

ಮಧ್ಯಯುಗವೆಂದರೆ ದೊರೆಯ ಕೋಟೆಯೊಂದೇ ಎಂದು ನಮ್ಮ ಮಕ್ಕಳು ತಿಳಿಯುವುದು ಬೇಡ. ಕನ್ನಡಿಗರಿಗೆ ಹನ್ನೆರಡನೆಯ ಶತಮಾನದ ಇನ್ನೊಂದು ಪಟ್ಟಣದ ನೆನಪಿದೆ. ನಮ್ಮ ರೈಲು ನಿಲ್ಲುವ ಕಲ್ಯಾಣವಲ್ಲ. ಬೀದರ ಜಿಲ್ಲೆಯ ಕಲ್ಯಾಣ. ಅಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ದೂರು ಹೋಯಿತೆಂದೂ, ಎಣಿಸಿದಾಗ ಲೆಕ್ಕ ಸರಿಯಿತ್ತೆಂದೂ ಪರಂಪರೆ ಹೇಳುತ್ತದೆ. ಕಥೆಯಲ್ಲಿ ಪವಾಡ ಎಷ್ಟಾದರೂ ಇರಲಿ, ಭಂಡಾರಿಯಾದವನು ಲೆಕ್ಕ ಒಪ್ಪಿಸಬೇಕೆಂಬ ತತ್ತ್ವ ಅದರಲ್ಲಿದೆ. ಅದೇ ಊರಿನಲ್ಲಿ ಆಯ್ದಕ್ಕಿ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳಂತೆ. ಅಕ್ಕಿ ಆಯುವ ಹೆಂಗಸು ಗಳಿಕೆಯ ಮಿತಿಯನ್ನು ನಿರ್ಣಯಿಸಿದ ಪಟ್ಟಣವದು. ಗಲ್ಲುಗಂಬದಿಂದ ಕೆಲಸ ಚುರುಕಾಗುತ್ತದೆಂಬ ಆಟಕ್ಕೂ, ದುಡಿಮೆಯನ್ನೇ ಕಾಯಕವೆಂದು ಗೌರವಿಸಿದ ಆ ಊರಿಗೂ ಎಲ್ಲಿಯ ಸಾಟಿ?

ಇನ್ನು ಮಾಡಬೇಕಾದ್ದೇನು? ಮೂರು ಕೆಲಸ. ಮೊದಲನೆಯದು, ಆಡುವ ಮಕ್ಕಳ ಪಕ್ಕದಲ್ಲಿ ಕುಳಿತು ಕೇಳೋಣ: ‘ಮಗಾ, ಈ ಗಿರಣಿಯವನಿಗೆ ಪಗಾರ ಎಷ್ಟು?’ ಎರಡನೆಯದು, ನಗರಪಾಲಿಕೆಯ ಅಂದಾಜುಪಟ್ಟಿ ಹೊರಬಂದಾಗ, ಮರಾಠಿ ಬಲ್ಲ ತರುಣರು ಅದನ್ನು ಕನ್ನಡದಲ್ಲಿ ಓದಿ ಹೇಳಲಿ: ನೀರಿಗೆಷ್ಟು, ಆಸ್ಪತ್ರೆಗೆಷ್ಟು, ಶಾಲೆಗೆಷ್ಟು, ಗುತ್ತಿಗೆದಾರನಿಗೆಷ್ಟು. ಸಿಗದ ವಿವರವನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಹಾಕಿ ಕೇಳಬಹುದು. ಮೂರನೆಯದು, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ಪಟ್ಟಣದಲ್ಲಿ ವಾರ್ಡು ಸಮಿತಿಗಳಿರಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಹೇಳುತ್ತದೆ. ನಮ್ಮ ವಾರ್ಡಿನ ಸಮಿತಿ ಎಲ್ಲಿ ಸೇರುತ್ತದೆ, ಏನು ನಿರ್ಣಯಿಸುತ್ತದೆ ಎಂದು ನಗರಸೇವಕನ ಬಾಗಿಲಿಗೆ ಹೋಗಿ ವಿಚಾರಿಸೋಣ.

ಪಾಳಿ ಮುಗಿಸಿ ದಣಿದು ಬಂದವರಿಗೆ ಇದು ಹೆಚ್ಚಿನ ಹೊರೆಯೆಂದು ನಾವು ಬಲ್ಲೆವು. ಆದರೆ ಗಲ್ಲದ ಮೇಲಿನ ಮಾಲಕ ಚಿಲ್ಲರೆಯಲ್ಲಿ ಎರಡು ರೂಪಾಯಿ ಕಡಿಮೆ ಕೊಟ್ಟರೆ ನಾವು ಸುಮ್ಮನಿರುವುದಿಲ್ಲ. ಪಟ್ಟಣದ ಗಲ್ಲವೂ ನಮ್ಮ ಬೆವರಿನಿಂದ ತುಂಬಿದ್ದೇ. ಅಲ್ಲಿಯೂ ಲೆಕ್ಕ ಕೇಳೋಣ, ಒಟ್ಟಾಗಿ ಕೇಳೋಣ.