ಅಭಯವೆಂಬ ಸಂಪತ್ತು

ಭಯವು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಗುಣ. ಹಾವನ್ನು ಕಂಡು ಹಿಂದೆ ಸರಿಯದವನು ಧೀರನಲ್ಲ, ಅವಿವೇಕಿ. ಆದರೆ ಕಂಡ ಹಾವಿನ ಭಯ ಬೇರೆ, ಕಾಣದ ಹಾವಿನ ಭಯ ಬೇರೆ. ಮೊದಲನೆಯದು ಕಾಲಿಗೆ ಎಚ್ಚರವನ್ನು ಕೊಡುತ್ತದೆ. ಎರಡನೆಯದು ನಿದ್ದೆಯನ್ನೂ ಅನ್ನದ ರುಚಿಯನ್ನೂ ನೆರೆಯವರ ಮೇಲಿನ ನಂಬಿಕೆಯನ್ನೂ ಕಸಿದುಕೊಳ್ಳುತ್ತದೆ. ಈ ಎರಡನೆಯ ಭಯಕ್ಕೆ ದೈವಶ್ರದ್ಧೆಯೇ ಔಷಧವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದು ಎಲ್ಲಿ ಔಷಧವಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಈ ಸಲ ವಾಚಕರೊಡನೆ ವಿಚಾರ ಮಾಡಬಯಸುತ್ತೇವೆ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ ಹವಳಗಾ ಎಂಬ ಊರುಂಟು. 1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾದಾಗ ಈ ಸೀಮೆಯೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿಯೇ ಉಳಿಯಿತು. ಭೀಮಾನದಿಯ ಆಚೆಯ ಇಂಡಿ, ಸಿಂದಗಿಗಳಲ್ಲಿ ಸ್ವಾತಂತ್ರ್ಯ. ಈಚೆಯ ದಡದಲ್ಲಿ ಕಾಸಿಂ ರಜ್ವಿಯ ರಜಾಕಾರರ ಹಾವಳಿ. ಎಷ್ಟೋ ಕುಟುಂಬಗಳು ಮನೆಮಾರು ಬಿಟ್ಟು ಗಡಿಯನ್ನು ದಾಟಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಒಳಹೊಕ್ಕಿತು. ಐದು ದಿನಗಳಲ್ಲಿ ನಿಜಾಮರು ಶರಣಾದರು. ಆದರೆ ಭಯವು ಅಂದೇ ಅಳಿಯಲಿಲ್ಲ. ಒಂದು ಮನೆಯನ್ನು ಬಿಟ್ಟು ಇನ್ನೊಂದು ಮನೆಯನ್ನು ಹೊಕ್ಕಿತು. ಆ ಬಳಿಕ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡವರೂ ಇದ್ದರು. ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು, ಇಡೀ ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನರು ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಒಂದು.

ಆ ದಿನಗಳಲ್ಲಿ ದೇವರ ಹೆಸರು ಎಲ್ಲರ ಬಾಯಲ್ಲಿಯೂ ಇತ್ತು. ಅಂಜಿದವರು ಅದನ್ನು ಕರೆದರು, ಅಂಜಿಸಿದವರೂ ಕರೆದರು. ಹಾಗಾದರೆ ಯಾವುದು ನಿಜವಾದ ಶ್ರದ್ಧೆ?

ಇದಕ್ಕೆ ಉತ್ತರವನ್ನು ಒಬ್ಬ ಸಂನ್ಯಾಸಿಯ ಬಾಳಿನಲ್ಲಿ ಕಾಣಬಹುದು. ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರರು 1932ರಲ್ಲಿ ಕಾವಿಯುಟ್ಟು ಸ್ವಾಮಿ ರಾಮಾನಂದ ತೀರ್ಥರಾದರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆ ಕೃಶದೇಹಿಯು 1938ರ ಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಸೇರಿದರು. 1947-48ರಲ್ಲಿ ಪುನಃ ಸೆರೆಯನ್ನು ಕಂಡರು. 1952ರಲ್ಲಿ ಕಲಬುರಗಿಯ ಜನರು ಅವರನ್ನೇ ಲೋಕಸಭೆಗೆ ಆರಿಸಿ ಕಳುಹಿಸಿದರು. ಸಂನ್ಯಾಸವನ್ನು ಸ್ವೀಕರಿಸುವವನು ಕೈಕೊಳ್ಳುವ ಒಂದು ವ್ರತವನ್ನು ಇಲ್ಲಿ ನೆನೆಯಬೇಕು: ಇನ್ನು ಮುಂದೆ ತನ್ನಿಂದ ಯಾವ ಪ್ರಾಣಿಗೂ ಭಯವಿಲ್ಲವೆಂದು ಅವನು ಸಕಲ ಜೀವಿಗಳಿಗೂ ಅಭಯವನ್ನು ಕೊಡುತ್ತಾನೆ. ಅಂಜುವುದನ್ನು ಬಿಡುವುದೂ ಅಂಜಿಸುವುದನ್ನು ಬಿಡುವುದೂ ಒಂದೇ ನಾಣ್ಯದ ಎರಡು ಮುಖಗಳೆಂದು ಈ ವ್ರತದ ತಾತ್ಪರ್ಯ. ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀಸಂಪತ್ತನ್ನು ಎಣಿಸುವಾಗ ಮೊದಲು ಬರುವ ಹೆಸರು ಅಭಯದ್ದೇ. ದಾನ, ದಯೆ, ಅಹಿಂಸೆಗಳು ಅದರ ಬೆನ್ನಿಗೇ ಬರುತ್ತವೆ. ದಯೆಯಿಲ್ಲದ ಧೈರ್ಯಕ್ಕೆ ಆ ಎಣಿಕೆಯಲ್ಲಿ ಸ್ಥಾನವಿಲ್ಲ.

ಸಂನ್ಯಾಸಿಗಳ ಮಾತಾಯಿತು, ಸಂಸಾರಿಗಳಾದ ನಾವೇನು ಮಾಡಬೇಕು? ನಮ್ಮ ಸೀಮೆಯ ಪುಣ್ಯಸ್ಥಳಗಳೇ ಅದನ್ನು ಕಲಿಸುತ್ತವೆ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ಸಂಸಾರಿಗಳು, ಒಕ್ಕಲುತನ ಮಾಡಿದವರು. ಅವರ ಹೆಸರು ಉಳಿದುದು ದಾಸೋಹದಿಂದ. ಭೀಮಾ-ಅಮರಜಾ ಸಂಗಮದ ಗಾಣಗಾಪುರದಲ್ಲಿ ದತ್ತಭಕ್ತರು ಇಂದಿಗೂ ಜೋಳಿಗೆ ಹಿಡಿದು ಮಧುಕರಿಯನ್ನು ಬೇಡುತ್ತಾರೆ. ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಎಲ್ಲ ಮತದವರೂ ಹೋಗುತ್ತಾರೆ. ಎಲ್ಲೆಡೆಯೂ ಭಕ್ತಿಯು ಮನುಷ್ಯನನ್ನು ಒಂಟಿಯಾಗಿ ಬಿಡದೆ ನಾಲ್ವರ ನಡುವೆ ಕೂರಿಸುತ್ತದೆ. ಭಯವು ಬಲಿಯುವುದು ಕದವಿಕ್ಕಿದ ಮನೆಯಲ್ಲಿ; ನಾಲ್ವರು ಕೂಡಿ ಉಣ್ಣುವಲ್ಲಿ ಅದಕ್ಕೆ ಆಹಾರವಿಲ್ಲ.

ಆದರೆ ಶ್ರದ್ಧೆಯು ವಿವೇಕಕ್ಕೆ ಬದಲಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳನ್ನು ಹೊಕ್ಕಳು. ಅಂಥ ಹೊತ್ತಿನಲ್ಲಿ ದೇವರು ಕಾಯುವನೆಂದು ಮನೆಯೊಳಗೆ ಕೂರುವುದು ಭಕ್ತಿಯಲ್ಲ. ಎತ್ತರದ ನೆಲಕ್ಕೆ ಹೋಗೆಂದು ಹೇಳುವ ಬುದ್ಧಿಯೂ ದೇವರು ಕೊಟ್ಟದ್ದೇ. ಹೋಗುವಾಗ ನೆರೆಮನೆಯ ಮುದುಕಿಯ ಕೈಹಿಡಿಯಲು ಬೇಕಾಗುವ ಧೈರ್ಯವೇ ಭಕ್ತಿಯ ಫಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಸಂಜೆ ದೀಪ ಹಚ್ಚಿದಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿರಿ. ನಿಮ್ಮ ಮನಸ್ಸನ್ನು ಕಾಡುವ ಭಯವನ್ನು ಹೆಸರಿಟ್ಟು ದೇವರಿಗೆ ಒಪ್ಪಿಸಿರಿ. ಹೆಸರಿಟ್ಟ ಭಯವು ಅರ್ಧ ಕುಗ್ಗಿತು. ಕಿವಿಗೆ ಬಿದ್ದ ಗಾಳಿಸುದ್ದಿಯನ್ನು ಅಂದು ರಾತ್ರಿ ಇನ್ನೊಬ್ಬರ ಕಿವಿಗೆ ಹಾಕಬೇಡಿರಿ. ಕೊನೆಗೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ನನಗೆ ಧೈರ್ಯ ಬಂದುದರಿಂದ ನೆರೆಯವನ ಅಂಜಿಕೆ ಕಡಿಮೆಯಾಯಿತೇ, ಹೆಚ್ಚಿತೇ? ಕಡಿಮೆಯಾಗಿದ್ದರೆ ಆ ಧೈರ್ಯವು ದೇವರಿಂದಲೇ ಬಂದುದೆಂದು ನಿಶ್ಚಿಂತೆಯಿಂದ ನಿದ್ದೆಮಾಡಿರಿ.