ಆಡಿಗೆ ಒಂದು ತುಂಡು ಗುಡ್ಡ



ಕಳೆದ ಜುಲೈ ತಿಂಗಳ ಒಂದು ಮಧ್ಯಾಹ್ನ, ಮಳೆ ಧೋ ಎಂದು ಸುರಿಯುತ್ತಿರುವಾಗ, ಕಾರ್ಕಳದ ಸಮೀಪ ಆಡು ಸಾಕುತ್ತಿರುವ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆ. ಸಾಲ ಮಾಡಿ ಕಟ್ಟಿದ ದೊಡ್ಡಿ. ಹಿಕ್ಕೆಯೆಲ್ಲ ಸಂದಿಗಳಿಂದ ಕೆಳಗೆ ಬೀಳುವಂತೆ ಎತ್ತರಿಸಿದ ಹಲಗೆಯ ಅಟ್ಟ. ಒಳಗೆ ಇಪ್ಪತ್ತು ಆಡುಗಳು. ಮೇವು, ನೀರು, ಲಸಿಕೆ ಯಾವುದಕ್ಕೂ ಕೊರತೆಯಿಲ್ಲ. ಆದರೂ ಅವು ಹಲಗೆಗಳನ್ನು ಕಚ್ಚಿ ಸವೆಸಿದ್ದವು. ಬಡಕಲಾದ ಒಂದು ಹೆಣ್ಣಾಡನ್ನು ಉಳಿದವು ಮೂಲೆಗೊತ್ತಿ ಹಾಯುತ್ತಿದ್ದವು. ಖನಿಜದ ಇಟ್ಟಿಗೆ ತೂಗುಹಾಕಿಯಾಗಿತ್ತು. ಪಶುವೈದ್ಯರು ರೋಗವಿಲ್ಲವೆಂದಿದ್ದರು.

“ಇವಕ್ಕೆ ಬೇಸರವಾಗಿದೆಯಪ್ಪಾ” ಎಂದೆ. ಅವನು ನಕ್ಕ. “ಇನ್ನು ಆಡಿಗೆ ಸರ್ಕಸ್ಸು ಕಲಿಸಬೇಕಾ ಮಾಷ್ಟ್ರೇ?”

ಆ ನಗುವಿಗೆ ಉತ್ತರವಾಗಿ ಈ ಬರಹ.

ಕನ್ನಡದಲ್ಲಿ ‘ಆಡು’ ಪ್ರಾಣಿಯೂ ಹೌದು, ಕ್ರಿಯೆಯೂ ಹೌದು. ಮೂಲ ಬೇರೆ ಬೇರೆ (ಹಳೆಯ ತಮಿಳಿನಲ್ಲಿ ಪ್ರಾಣಿಗೆ ‘ಯಾಡು’ ಎಂಬ ರೂಪವಿದೆ). ಎರಡೂ ಒಂದೇ ಎಂದು ಬರೆದವನ ಉತ್ತರಪತ್ರಿಕೆಗೆ ನಾನು ಕೆಂಪು ಗೀಟೆಳೆಯುತ್ತಿದ್ದೆ. ಆದರೆ ಆಡು ಸಾಕಿದವರು ಆ ಹುಡುಗನ ಪಕ್ಷವನ್ನೇ ವಹಿಸಿಯಾರು.

ನಮ್ಮ ಬಾಲ್ಯದಲ್ಲಿ ಆಡುಗಳಿಗೆ ಮುರಕಲ್ಲಿನ ಪದವಿತ್ತು, ಹಾಡಿಯಿತ್ತು. ದನದಂತೆ ತಲೆ ತಗ್ಗಿಸಿ ಮೇಯುವ ಪ್ರಾಣಿ ಅದಲ್ಲ. ಹಿಂಗಾಲಿನಲ್ಲಿ ನಿಂತು, ಕೊಂಬೆಗೆ ಕೊರಳು ಚಾಚಿ ಸೊಪ್ಪು ಕೀಳುವಂಥದು. ಈಗ ಗುಡ್ಡಗಳು ರಬ್ಬರು ತೋಟಗಳಾಗಿವೆ, ಸೈಟುಗಳಾಗಿವೆ. 1953ರಲ್ಲಿ ವೈದ್ಯಕೀಯ ಕಾಲೇಜು ಬರುವ ಮೊದಲು ಮಣಿಪಾಲವೂ ಬೋಳು ಗುಡ್ಡವೇ. ಅದಕ್ಕಾಗಿ ನಾನು ಕಣ್ಣೀರಿಡುವುದಿಲ್ಲ. ನನ್ನ ಕಣ್ಣಿನ ಪೊರೆ ತೆಗೆದದ್ದು ಅಲ್ಲಿಯೇ. ಕೂಡಿಹಾಕಿ ಸಾಕುವುದು ತಪ್ಪೆಂದೂ ಹೇಳೆನು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಉಡುಪಿ ಸೀಮೆಯಲ್ಲಿ, ನೆನೆಯಲೊಲ್ಲದ ಈ ಪ್ರಾಣಿ ಮಳೆಗಾಲವಿಡೀ ಒಳಗಿರಬೇಕಾದುದೇ. ಗುಡ್ಡಕ್ಕೆ ಬಿಡಲಾಗದಿದ್ದರೆ ಗುಡ್ಡದ ಒಂದು ತುಂಡನ್ನಾದರೂ ಒಳಗೆ ತರುವುದು ಸಾಕುವವನ ಮೇಲಿನ ಋಣ ಎಂಬುದಷ್ಟೇ ನನ್ನ ವಾದ.

ಖರ್ಚಾದದ್ದು ಮೊಳೆಗೆ ಮಾತ್ರ. ಮನೆ ರಿಪೇರಿಯಲ್ಲಿ ಉಳಿದ ಪಕ್ಕಾಸು, ರೀಪುಗಳಿಂದ ಎರಡು ಬೆಂಚು ಮಾಡಿದೆವು: ಒಂದು ಒಂದೂವರೆ ಅಡಿ ಎತ್ತರ, ಇನ್ನೊಂದು ಎರಡೂವರೆ. ಗೊರಸು ಜಾರದಂತೆ ಮೇಲೆ ಅಡ್ಡಪಟ್ಟಿ. ಒಂದೇ ಮಾಡಿದರೆ ಗುಂಪಿನ ಯಜಮಾನಿ ಅದನ್ನು ಆಕ್ರಮಿಸಿಕೊಳ್ಳುತ್ತಾಳೆ. ಬೇಲಿಯಿಂದ ದೂರವಿಡಬೇಕು, ಇಲ್ಲವಾದರೆ ಹಾರಿ ಪರಾರಿ. ಮೊಳೆ ಹೊಡೆಯುತ್ತ ಶಿಷ್ಯ, “ನನ್ನನ್ನು ನಿಲ್ಲಿಸುತ್ತಿದ್ದ ಬೆಂಚು ಇಷ್ಟೇ ಎತ್ತರ ಇತ್ತು ಮಾಷ್ಟ್ರೇ” ಎಂದ. ನಾನು ಮಾತಾಡಲಿಲ್ಲ. ಒಂದೆಡೆ ಕುಳಿತಿರಲಾರದ ಹುಡುಗರನ್ನು ಶಿಕ್ಷೆಯೆಂದು ಹತ್ತಿಸಿ ನಿಲ್ಲಿಸಿದವನು ನಾನು. ಇದನ್ನೋದುವ ಕೆಲವರಿಗೆ ಅದು ನೆನಪಿದ್ದೀತು.

ಹಲಸಿನ ಸೊಪ್ಪಿನ ಕಟ್ಟನ್ನು ಕೊರಳಿಗಿಂತ ಎತ್ತರಕ್ಕೆ ತೂಗುಹಾಕಿದೆವು. ಕಿತ್ತು ತಿನ್ನುವುದರಲ್ಲೇ ಅವುಗಳ ಅರ್ಧ ಹಗಲು ಕಳೆಯಿತು. ಹೊಟ್ಟೆಹುಳದ ಮರಿಗಳಿರುವುದು ನೆಲದ ಹುಲ್ಲಿನಲ್ಲಿ. ಮೇಲಿನ ಸೊಪ್ಪಿಗೆ ಆ ಭಯವಿಲ್ಲ. ಕಾಪು ಕಡಲ ಕರೆಯಿಂದ ಹಳೆಯ ಮೀನುಬಲೆ ತಂದು ಸೊಪ್ಪು ತುಂಬಿಸೋಣವೆಂದ. ಕೊಂಬು, ಕಾಲು ಸಿಕ್ಕಿಕೊಂಡೀತೆಂದು ಬೇಡವೆಂದೆ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನೂ ಪೂರ್ತಿ ನಂಬಬಾರದು: ಕಣಗಿಲೆ ತಿಂದರೆ ಸಾಯುತ್ತವೆ. ಕಂಬಕ್ಕೆ ಬಟ್ಟೆ ಒಗೆಯುವ ಬ್ರಷ್ಷೊಂದನ್ನು ಬಡಿದಾಗ ಸಾಲುಗಟ್ಟಿ ಮೈ ಉಜ್ಜಿಕೊಂಡವು. ಹಾಯಿಸಿಕೊಳ್ಳುತ್ತಿದ್ದವಳಿಗಾಗಿ ಒಂದು ಹಲಗೆಯ ಮರೆ. ಅಂಗಳದಲ್ಲಿ ಮುರಕಲ್ಲಿನ ಮೆಟ್ಟಿಲು. ಒರಟು ಕಲ್ಲು ಗೊರಸನ್ನು ತಾನಾಗಿ ಸವೆಸುತ್ತದೆ. ಪಕ್ಕದಲ್ಲಿ ಅರ್ಧ ಹೂತ ಟಯರುಗಳು. ಟಯರಿಗೆ ತೂತು ಕೊರೆಯದೆ ಇಟ್ಟರೆ ನಮ್ಮ ಮಳೆಗೆ ನೀರು ನಿಂತು ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ.

ಇನ್ನೊಂದು ಮಾತು, ಬರೆಯಲು ಮನಸ್ಸಿಲ್ಲದ್ದು. ಹತ್ತು ವರ್ಷದವನಿದ್ದಾಗ ಮನೆಯ ಆಡೊಂದನ್ನು ಪಾಗಾರದ ಬಳಿ ಕಟ್ಟಿ ಆಡಲು ಹೋಗಿದ್ದೆ. ಅದು ಪಾಗಾರವೇರಿ ಆಚೆ ಬದಿಗೆ ಹಾರಿತು. ಹಗ್ಗ ನೆಲ ಮುಟ್ಟುವಷ್ಟು ಉದ್ದವಿರಲಿಲ್ಲ. ಅಮ್ಮ ಬೈಯಲಿಲ್ಲ, ಹಗ್ಗವನ್ನು ಬಿಚ್ಚಿ ಒಲೆಗೆ ಹಾಕಿದರು. ಹತ್ತುವ ವಸ್ತುವಿನ ಬಳಿ ಆಡನ್ನು ಕಟ್ಟಲೇಬೇಡಿ.

ಹೇಗೂ ಕಟುಕನ ಪಾಲಾಗುವ ಪ್ರಾಣಿಗೆ ಇಷ್ಟೆಲ್ಲ ಏಕೆಂದು ನಮ್ಮ ಭಾವನವರು ಕೇಳಿದರು. ಸಾಕುಪ್ರಾಣಿಗೆ ಹಸಿವು, ರೋಗಗಳಿಂದ ಮುಕ್ತಿ ಸಿಕ್ಕರೆ ಸಾಲದು, ತನ್ನ ಸಹಜ ನಡವಳಿಕೆಗೂ ಅವಕಾಶ ಬೇಕೆಂದು ಬ್ರಿಟನ್ನಿನ ಸಮಿತಿಯೊಂದು 1979ರಲ್ಲೇ ಹೇಳಿದೆ. 2014ರಲ್ಲಿ ಪ್ರಕಟವಾದ ಲಂಡನ್ ವಿಜ್ಞಾನಿಗಳ ಪ್ರಯೋಗದಲ್ಲಿ, ಹಲ್ಲಿನಿಂದ ಹಗ್ಗವೆಳೆದು, ಬಳಿಕ ಸನ್ನೆಯನ್ನೆತ್ತಿ ಹಣ್ಣು ಪಡೆಯುವ ಪೆಟ್ಟಿಗೆಯ ಗುಟ್ಟನ್ನು ಹನ್ನೆರಡರಲ್ಲಿ ಒಂಬತ್ತು ಆಡುಗಳು ಕಲಿತವು. ಹತ್ತು ತಿಂಗಳ ಬಳಿಕವೂ ಮರೆತಿರಲಿಲ್ಲ. ಅಂಥ ಬುದ್ಧಿಯನ್ನು ನಾಲ್ಕು ತಿಂಗಳು ಗೋಡೆ ನೋಡಿಸಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಭಾವನವರಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿದ್ದೆ. ಹಲಗೆ ಕಚ್ಚುವುದು ಕಡಿಮೆಯಾಗಿದೆ, ನಿಂತಿಲ್ಲ. ಬಡಕಲಿ ತುಸು ಮೈದುಂಬಿದ್ದಾಳೆ; ಎಲ್ಲರೂ ಮಲಗಿದ ಮೇಲೆ ತಗ್ಗಿನ ಬೆಂಚನ್ನೇರಿ ನಿಲ್ಲುತ್ತಾಳಂತೆ. ಶಿಷ್ಯ ಮೂರನೆಯ ಬೆಂಚಿಗೆ ಅಳತೆ ತೆಗೆಯುತ್ತಿದ್ದ. ರಜೆಯಲ್ಲಿ ಊರಿಗೆ ಬರುವವರ ಬಳಿ ಹಳೆಯ ಟಯರುಗಳಿದ್ದರೆ ನಮ್ಮ ಮನೆಯಲ್ಲಿಟ್ಟು ಹೋಗಿ. ತಂತಿ ಹೊರಬಂದದ್ದು ಬೇಡ.